ದಂಡಿನ ದಾರಿಯಲ್ಲಿದ್ದ ನಾಡು: ಸವಣೂರಿನ ಕತೆ, ತುಂಗಭದ್ರೆಯ ಗಡಿ

(ಹಾವೇರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಯುದ್ಧ ಮುಗಿದ ಮೇಲೆ, ಅರಮನೆಗಳು ತಲೆಕೆಳಗಾದ ಮೇಲೆ, ಒಂದು ನಾಡಿನ ಸ್ಥಾನಮಾನ ನೆರೆಹೊರೆಯಲ್ಲಿ ಹೇಗೆ ಬದಲಾಗುತ್ತದೆ ಎಂಬುದು ಇವತ್ತಿನ ವಿಷಯ. ಇದನ್ನು ಕೇಳಿದ ಕೂಡಲೇ ದಿನಪತ್ರಿಕೆಯ ಮುಖಪುಟದಲ್ಲಿರುವ ದೇಶಗಳು ನೆನಪಾಗುವುದು ಸಹಜ. ನಾನು ಅಷ್ಟು ದೂರ ಹೋಗುವುದಿಲ್ಲ. ಇಲ್ಲಿಂದ ಬಸ್ಸು ಹತ್ತಿದರೆ ತಾಸಿನೊಳಗೆ ಸಿಗುವ ಸವಣೂರಿಗೆ ಹೋಗುತ್ತೇನೆ. ಈಗ ಅದು ವೀಳ್ಯದೆಲೆಗೆ, ಖಾರಕ್ಕೆ ಹೆಸರಾದ ತಾಲೂಕು ಕೇಂದ್ರ. ಹದಿನೆಂಟನೆಯ ಶತಮಾನದಲ್ಲಿ ಅದೊಂದು ರಾಜ್ಯದ ರಾಜಧಾನಿ. ಪುಣೆ, ಹೈದರಾಬಾದು, ಶ್ರೀರಂಗಪಟ್ಟಣ ಮೂರೂ ಕಡೆ ಅದರ ವಕೀಲರು ಓಡಾಡುತ್ತಿದ್ದರು. ಪಾಂಡಿಚೇರಿಯ ಫ್ರೆಂಚರಿಗೂ ಅದರ ಹೆಸರು ಗೊತ್ತಿತ್ತು.

ಕೋಣಗಳೆರಡು ಕಾದಾಡಿದರೆ ನಡುವಿನ ಗಿಡಕ್ಕೆ ಸಾವು ಎಂಬ ಗಾದೆ ನಮ್ಮಲ್ಲಿದೆ. ಸವಣೂರಿನ ಕತೆಯನ್ನು ಸಾಮಾನ್ಯವಾಗಿ ಈ ಗಾದೆಯಂತೆಯೇ ಹೇಳುತ್ತಾರೆ: ಮರಾಠರು ಒಂದು ಕಡೆ, ಹೈದರ್ ಇನ್ನೊಂದು ಕಡೆ, ನಡುವೆ ಪಾಪದ ನವಾಬ. ನನಗೆ ಇದು ಅರ್ಧ ಸತ್ಯವೆಂದು ತೋರುತ್ತದೆ. ಸವಣೂರು ಬರೀ ಗಿಡವಾಗಿರಲಿಲ್ಲ, ಒಂದೆರಡು ಸಲ ತಾನೂ ಕೊಂಬು ತಗ್ಗಿಸಿ ನುಗ್ಗಿದೆ. ಅದು ಬೆಳೆದದ್ದಾಗಲಿ ಕರಗಿದ್ದಾಗಲಿ ಬರಿಯ ತನ್ನ ಬಲಾಬಲದಿಂದ ಅಲ್ಲ. ಪಕ್ಕದ ದೊಡ್ಡ ಮನೆಗಳಲ್ಲಿ ಯಾವಾಗ ಜಗಳ ಹತ್ತಿತು, ಯಾವಾಗ ಆರಿತು ಎಂಬುದೇ ಅದರ ಹಣೆಬರಹವನ್ನು ಬರೆಯಿತು. ಆ ಹಣೆಬರಹದ ಕೊನೆಗೆ ಮೂಡಿದ ಗೆರೆಯೊಂದು, ಅಂದರೆ ತುಂಗಭದ್ರೆಯ ಗಡಿ, 1956ರ ತನಕ ನಮ್ಮೆಲ್ಲರ ಹಿರಿಯರ ಬದುಕನ್ನು ಆಳಿತು. ಇದೇ ನಾನು ಇವತ್ತು ಹೇಳಬೇಕೆಂದಿರುವುದು.

ಈ ರಾಜ್ಯ ಹುಟ್ಟಿದ್ದೇ ಇನ್ನೊಂದು ರಾಜ್ಯದ ಸಾವಿನಿಂದ. 1686ರ ಸೆಪ್ಟೆಂಬರಿನಲ್ಲಿ ಬಿಜಾಪುರ ಔರಂಗಜೇಬನ ಕೈಗೆ ಹೋಯಿತು. ಆದಿಲಶಾಹಿಯ ಕೊನೆಗಾಲದಲ್ಲಿ ದರ್ಬಾರನ್ನು ಕೈಯಲ್ಲಿಟ್ಟುಕೊಂಡಿದ್ದ ಮಿಯಾನಾ ಪಠಾಣರ ಮನೆತನವೊಂದಿತ್ತು. ಶಿವಾಜಿಯ ದಂಡಿನೊಂದಿಗೆ ಕಾದಾಡಿದ ಬಹಲೋಲ್ ಖಾನ್ ಆ ಮನೆತನದವನೇ. ಬಿಜಾಪುರ ಬಿದ್ದ ಮೇಲೆ ಅದೇ ಮನೆತನದ ಅಬ್ದುಲ್ ರವೂಫ್ ಖಾನ್ ಮೊಗಲರಿಗೆ ಶರಣಾಗಿ ಬಂಕಾಪುರ, ತೊರಗಲ್ಲು, ಅಜಮನಗರ, ಅಂದರೆ ಬೆಳಗಾವಿ ಸೀಮೆಯ ಇಪ್ಪತ್ತೆರಡು ಮಹಾಲುಗಳ ಜಹಗೀರು ಪಡೆದ. ಮೊದಲು ಬಂಕಾಪುರದ ಕೋಟೆಯಲ್ಲಿದ್ದು, ಆಮೇಲೆ ಸವಣೂರನ್ನು ಕಟ್ಟಿಸಿದ. ಹಳೆಯ ಒಡೆಯ ಸತ್ತ, ಹೊಸ ಒಡೆಯ ದೂರದಲ್ಲಿದ್ದಾನೆ. ಜಹಗೀರದಾರನೊಬ್ಬ ರಾಜನಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಬರಲಾರದು. 1707ರಲ್ಲಿ ಔರಂಗಜೇಬ ತೀರಿಕೊಂಡ ಮೇಲಂತೂ ದಿಲ್ಲಿಯ ಹೆಸರು ನಾಣ್ಯದ ಮೇಲೆ, ಸನದಿನ ಮೇಲೆ ಮಾತ್ರ ಉಳಿಯಿತು.

ಉತ್ತರಕ್ಕೆ ಮರಾಠರು ಚೌಥ ಕೇಳತೊಡಗಿದ್ದು ಸಹಜವೇ. ಸದಾಶಿವರಾವ್ ಭಾವು, ಮುಂದೆ ಪಾಣಿಪತದಲ್ಲಿ ಮಡಿದ ಅದೇ ಭಾವು, ತನ್ನ ಮೊದಲ ದಂಡಯಾತ್ರೆ ಮಾಡಿದ್ದು ಈ ಸೀಮೆಯ ಮೇಲೆ, 1746–47ರಲ್ಲಿ. ನವಾಬ ಅಬ್ದುಲ್ ಮಜೀದ್ ಖಾನ್ ಒಪ್ಪಂದ ಮಾಡಿಕೊಂಡು ನಾಡಿನ ದೊಡ್ಡ ಪಾಲನ್ನು ಬಿಟ್ಟುಕೊಟ್ಟ. ಅಲ್ಲಿಗೆ ಸುಮ್ಮನಾಗಿದ್ದರೆ ಅವನ ಕತೆ ಸಾಧಾರಣವಾಗಿ ಮುಗಿಯುತ್ತಿತ್ತು. ಆದರೆ ಹೈದರಾಬಾದಿನ ಹೊಸ ನಿಜಾಮ ನಾಸಿರ್ ಜಂಗ್ ಕರ್ನಾಟಿಕದ ಗಾದಿಯ ಜಗಳಕ್ಕೆ ಇಳಿದಾಗ ಕಡಪ, ಕರ್ನೂಲು, ಸವಣೂರಿನ ಮೂವರು ಪಠಾಣ ನವಾಬರು ಅವನ ಜೊತೆ ದಂಡು ತೆಗೆದುಕೊಂಡು ಹೋದರು. ಹೋದವರು ಒಳಗೊಳಗೇ ಪಾಂಡಿಚೇರಿಯ ಫ್ರೆಂಚ್ ಗವರ್ನರ್ ಡೂಪ್ಲೆಯೊಂದಿಗೆ ಮಾತುಕತೆ ನಡೆಸಿದರು. 1750ರ ಡಿಸೆಂಬರಿನಲ್ಲಿ ಜಿಂಜಿಯ ಹತ್ತಿರ ನಾಸಿರ್ ಜಂಗ್ ತನ್ನದೇ ಪಾಳೆಯದಲ್ಲಿ ಕಡಪದ ನವಾಬನ ಗುಂಡಿಗೆ ಬಿದ್ದ. ಎರಡು ತಿಂಗಳೊಳಗೆ ಇನಾಮು ಹಂಚಿಕೆಯಲ್ಲಿ ಅಸಮಾಧಾನ ಹುಟ್ಟಿ, ಹೊಸ ನಿಜಾಮ ಮುಜಫರ್ ಜಂಗನ ಮೇಲೆಯೇ ಇವರು ಕತ್ತಿ ಎತ್ತಿದರು. ರಾಯಚೋಟಿಯ ಬಳಿಯ ಆ ಜಗಳದಲ್ಲಿ ಮುಜಫರ್ ಜಂಗ್ ಸತ್ತ, ನಮ್ಮ ಸವಣೂರಿನ ನವಾಬನೂ ಸತ್ತ. ಆ ಗದ್ದಲದ ನಡುವೆ ಬುಸ್ಸಿ ಎಂಬ ಫ್ರೆಂಚ್ ಸೇನಾನಿ ಸಲಾಬತ್ ಜಂಗನನ್ನು ಗಾದಿಗೆ ಕೂರಿಸಿ ದಖ್ಖನಿನ ಯಜಮಾನನಂತಾದ. ಎರಡು ತಿಂಗಳಲ್ಲಿ ಇಬ್ಬರು ನಿಜಾಮರನ್ನು ಕೊಂದ ಕೂಟದಲ್ಲಿ ವರದಾ ತೀರದ ಒಬ್ಬ ಅರಸನಿದ್ದ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಅದನ್ನು ಹೆಮ್ಮೆಯ ವಿಷಯವೆಂದು ನಾನು ಹೇಳುತ್ತಿಲ್ಲ. ಗಿಡದ ಗಾದೆಯನ್ನು ಸ್ವಲ್ಪ ತಿದ್ದುವುದಕ್ಕೆ ಹೇಳಿದೆ.

ಬುಸ್ಸಿ ಮತ್ತು ಸವಣೂರಿನ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಮುಜಫರ್ ಖಾನ್ ಗಾರ್ದಿ ಎಂಬ ತೋಪಿನ ಪರಿಣತ ಪೇಶ್ವೆಯ ನೌಕರಿ ಬಿಟ್ಟು ಸವಣೂರಿಗೆ ಬಂದ. ಗುತ್ತಿಯ ಮುರಾರಿರಾವ್ ಘೋರ್ಪಡೆಯೂ ನವಾಬನ ಪಕ್ಷ ಹಿಡಿದ. ಪೇಶ್ವೆ ಬಾಳಾಜಿ ಬಾಜೀರಾವ್ ಇದನ್ನು ಸಹಿಸಲಿಲ್ಲ. 1756ರ ಬೇಸಗೆಯಲ್ಲಿ ಪೇಶ್ವೆಯ ದಂಡು, ನಿಜಾಮನ ದಂಡು, ಬುಸ್ಸಿಯ ಫ್ರೆಂಚ್ ತೋಪುಗಳು ಒಟ್ಟಾಗಿ ಸವಣೂರನ್ನು ಮುತ್ತಿದವು. ಆ ದೃಶ್ಯವನ್ನು ಒಮ್ಮೆ ಕಲ್ಪಿಸಿಕೊಳ್ಳಿ. ನಮ್ಮ ಕರಜಗಿ, ಹುರಳಿಕುಪ್ಪಿ ಕಡೆಯ ಎರೆಹೊಲಗಳಲ್ಲಿ ದಖ್ಖನಿನ ಮೂರು ದೊಡ್ಡ ಶಕ್ತಿಗಳು ಡೇರೆ ಹಾಕಿವೆ. ಕುದುರೆಗಳ ಮೇವು, ದಂಡಿನ ಜೋಳ ಎಲ್ಲಿಂದ ಬಂದಿರಬೇಕು? ಹಳ್ಳಿಯ ಹಗೇವುಗಳಿಂದಲೇ. ನವಾಬ ಅಬ್ದುಲ್ ಹಕೀಮ್ ಖಾನ್ ಕೊನೆಗೆ ಮಣಿದು ಇನ್ನಷ್ಟು ನೆಲ ಬಿಟ್ಟುಕೊಟ್ಟ. ತಮಾಷೆಯೆಂದರೆ, ಗೆಲ್ಲಿಸಿಕೊಟ್ಟ ಬುಸ್ಸಿಗೂ ಇಲ್ಲಿಂದ ಒಳ್ಳೆಯದಾಗಲಿಲ್ಲ. ಮುತ್ತಿಗೆ ಮುಗಿಯುತ್ತಿದ್ದಂತೆ ಇಲ್ಲಿಯ ಪಾಳೆಯದಲ್ಲಿಯೇ ನಿಜಾಮನ ದಿವಾನರು ಅವನನ್ನು ನೌಕರಿಯಿಂದ ತೆಗೆದು ಹಾಕಿಸಿದರು. ಅದೇ ವರ್ಷದ ಮೇ ತಿಂಗಳಿನಲ್ಲಿ ಯೂರೋಪಿನಲ್ಲಿ ಇಂಗ್ಲೆಂಡು-ಫ್ರಾನ್ಸುಗಳ ನಡುವೆ ಏಳು ವರ್ಷಗಳ ಯುದ್ಧ ಘೋಷಣೆಯಾಗಿತ್ತು. ದಖ್ಖನಿನಲ್ಲಿ ಫ್ರೆಂಚರ ಕೈ ಸಡಿಲವಾಗಿದ್ದು ಮುಂದೆ ಎಷ್ಟು ದೊಡ್ಡ ವಿಷಯವಾಯಿತೆಂಬುದು ನಿಮಗೆಲ್ಲ ಗೊತ್ತಿದೆ.

1761ರಲ್ಲಿ ಪಾಣಿಪತ. ಮರಾಠರಿಗೆ ಬಿದ್ದ ಪೆಟ್ಟಿನ ಸದ್ದು ತುಂಗಭದ್ರೆಯ ದಡದಲ್ಲಿ ಕೇಳಿಸಲು ಹೆಚ್ಚು ದಿನ ಬೇಕಾಗಲಿಲ್ಲ. ಮೈಸೂರಿನಲ್ಲಿ ಆಗಷ್ಟೇ ಅರಮನೆಯ ಅಧಿಕಾರ ಅರಸರಿಂದ ಒಬ್ಬ ಸೇನಾನಿಯ ಕೈಗೆ ಜಾರಿತ್ತು. ಕ್ರಾಂತಿ ಎಂಬ ಮಾತನ್ನು ಆ ಕಾಲದ ಮೈಸೂರಿಗೆ ಬಳಸಬಹುದಾದರೆ ಅದು ಇದಕ್ಕೇ. ಆ ಸೇನಾನಿ ಹೈದರ್ ಅಲಿ 1763ರಲ್ಲಿ ಕೆಳದಿಯವರ ಬಿದನೂರನ್ನು ಹಿಡಿದ. ಬಿದನೂರಿನ ಭಂಡಾರ ಸಿಕ್ಕ ಮೇಲೆ ಉತ್ತರಕ್ಕೆ ತಿರುಗಿದ. 1764ರಲ್ಲಿ ಅವನ ದಂಡು ಸವಣೂರಿನ ಮೇಲೆ ಬಂತು, ನವಾಬ ಸೋತು ಖಂಡಣಿ ಒಪ್ಪಿಕೊಂಡ. ಆಗ ಪುಣೆಯಲ್ಲಿ ಗಾದಿಯ ಮೇಲಿದ್ದವನು ಹತ್ತೊಂಬತ್ತರ ಹರೆಯದ ಮಾಧವರಾವ್. ಹುಡುಗನೆಂದು ಹೈದರ್ ಎಣಿಸಿರಬಹುದು. ಆ ಹುಡುಗ ಕೃಷ್ಣೆ ದಾಟಿ ಬಂದ. 1764ರ ಮೇ ತಿಂಗಳಿನಲ್ಲಿ ನಮ್ಮ ರಟ್ಟೀಹಳ್ಳಿಯ ಹತ್ತಿರ ಹೈದರನಿಗೆ ದೊಡ್ಡ ಸೋಲಾಯಿತು. ಅವನು ಆನವಟ್ಟಿಯ ಕಡೆ ಕಾಡು ಹಿಡಿದ. ರಟ್ಟೀಹಳ್ಳಿಯನ್ನು ಈಚೆಗೆ ತಾಲೂಕು ಕೇಂದ್ರ ಮಾಡಿದಾಗ ಭಾಷಣಗಳು ಬಹಳ ಆದವು. ಆ ಯುದ್ಧದ ನೆನಪಿಗೆ ಅಲ್ಲೊಂದು ಕಲ್ಲು ನಿಲ್ಲಿಸಬೇಕೆಂಬುದು ಯಾರಿಗೂ ಹೊಳೆದಂತಿಲ್ಲ. ಮುಂದಿನ ವರ್ಷದ ಒಪ್ಪಂದದಲ್ಲಿ ಹೈದರ್ ಸವಣೂರಿನ ಮೇಲಿನ ಹಕ್ಕು ಬಿಟ್ಟ.

ಮಾಧವರಾವ್ ಬದುಕಿರುವ ತನಕ ಸವಣೂರು ನಿಶ್ಚಿಂತೆಯಿಂದಿತ್ತು. ಅವನು 1772ರಲ್ಲಿ ತೀರಿಕೊಂಡ. ಮರುವರ್ಷ ಅವನ ತಮ್ಮ ನಾರಾಯಣರಾವ್ ಶನಿವಾರವಾಡೆಯಲ್ಲಿ ಕೊಲೆಯಾದ. ಚಿಕ್ಕಪ್ಪ ರಘುನಾಥರಾವ್ ಗಾದಿಗಾಗಿ ಇಂಗ್ಲಿಷರ ಬೆನ್ನು ಹತ್ತಿದ, ಹೈದರನ ಸಹಾಯಕ್ಕಾಗಿ ಕೃಷ್ಣೆಯ ತನಕದ ಸೀಮೆಯನ್ನು ಅವನಿಗೆ ಬರೆದುಕೊಟ್ಟ. ಮರಾಠರ ಒಳಮನೆಯ ಜಗಳದಿಂದ ಹೈದರ್ ಇನ್ನೊಮ್ಮೆ ತುಂಗಭದ್ರೆ ದಾಟಿದ. ಈ ಸಲ ಕೃಷ್ಣೆಯ ತನಕ ಹೋದ.

ಈಗ ಅಬ್ದುಲ್ ಹಕೀಮ್ ಖಾನನ ಜಾಣತನ ನೋಡಿ. ಕಾದಾಡಿ ಗೆಲ್ಲಲಾಗದವನ ಜೊತೆ ಬೀಗತನ ಬೆಳೆಸಿದ. 1779ರಲ್ಲಿ ಶ್ರೀರಂಗಪಟ್ಟಣದಲ್ಲಿ ಎರಡು ಮದುವೆ ಒಟ್ಟಿಗೇ ಆದವು. ಹೈದರನ ಮಗಳು ಸವಣೂರಿಗೆ ಸೊಸೆಯಾದಳು, ಸವಣೂರಿನ ಮಗಳು ಹೈದರನ ಎರಡನೆಯ ಮಗ ಕರೀಮ್ ಸಾಹೇಬನ ಕೈ ಹಿಡಿದಳು. ಕಳೆದುಕೊಂಡಿದ್ದ ನೆಲದಲ್ಲಿ ಅರ್ಧದಷ್ಟು ನವಾಬನಿಗೆ ಮರಳಿತು. ಪ್ರತಿಯಾಗಿ ಎರಡು ಸಾವಿರ ಪಠಾಣ ಸವಾರರನ್ನು ಹೈದರನ ಚಾಕರಿಗೆ ಒದಗಿಸಬೇಕೆಂದಾಯಿತು. ಈ ವರ್ಷಗಳಲ್ಲಿ ಸವಣೂರು ನೆಮ್ಮದಿಯ ಊರು. ಉತ್ತರಾದಿ ಮಠದ ಸತ್ಯಬೋಧ ತೀರ್ಥರಿಗೆ ನವಾಬನ ಆಶ್ರಯವಿತ್ತು. ಅವರು 1783ರಲ್ಲಿ ವೃಂದಾವನಸ್ಥರಾದದ್ದು ಸವಣೂರಿನಲ್ಲಿಯೇ, ಈಗಲೂ ಅಲ್ಲಿ ಆರಾಧನೆ ನಡೆಯುತ್ತದೆ. ಪಠಾಣ ಅರಸ, ಮಾಧ್ವ ಯತಿ, ಲಿಂಗಾಯತ ವರ್ತಕರು, ಎಲೆಬಳ್ಳಿಯ ತೋಟಿಗರು ಇವರೆಲ್ಲರ ಊರದು. ಮುಂದೆ 1909ರಲ್ಲಿ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದೂ ಅಲ್ಲಿಯೇ. ಇದನ್ನೆಲ್ಲ ಸೌಹಾರ್ದದ ಉದಾಹರಣೆಯಾಗಿ ವೇದಿಕೆಯ ಮೇಲೆ ಹೇಳುವುದು ರೂಢಿ. ನಾನು ಅದನ್ನು ಲೆಕ್ಕಾಚಾರದ ಉದಾಹರಣೆಯಾಗಿಯೂ ನೋಡುತ್ತೇನೆ. ಸುತ್ತ ಶತ್ರುಗಳಿರುವ ಸಣ್ಣ ಅರಸನಿಗೆ ಊರೊಳಗೆ ಶತ್ರು ಬೇಡ.

ಹೈದರ್ 1782ರಲ್ಲಿ ಸತ್ತ. ಬೀಗತನ ಅವನ ಜೊತೆ ಮಣ್ಣಾಯಿತು. ಅವನ ಮಗ ಟೀಪು ಸವಾರರ ಕೊರತೆಯ ಲೆಕ್ಕ ತೆಗೆದು ಬಾಕಿ ಕೇಳಿದ. ನವಾಬನ ಹತ್ತಿರ ಹಣವಿರಲಿಲ್ಲ. ಅಷ್ಟರಲ್ಲಿ ನರಗುಂದ, ಕಿತ್ತೂರುಗಳ ಮೇಲೆ ಟೀಪುವಿನ ದಂಡು ಹೋದದ್ದರಿಂದ ಪುಣೆಯ ನಾನಾ ಫಡ್ನವೀಸ ಹೈದರಾಬಾದಿನವರನ್ನು ಕೂಡಿಕೊಂಡು ಯುದ್ಧಕ್ಕೆ ಇಳಿದಿದ್ದ. 1786ರಲ್ಲಿ ಬಾದಾಮಿ ಮರಾಠರ ವಶವಾಯಿತು. ಅಬ್ದುಲ್ ಹಕೀಮ್ ಖಾನ್ ಬೀಗರನ್ನು ಬಿಟ್ಟು ಮರಾಠರ ಪಕ್ಷಕ್ಕೆ ಬಂದ. ಮಳೆಗಾಲದಲ್ಲಿ ಟೀಪು ಹೊಳೆ ದಾಟಲಾರನೆಂದು ಮರಾಠರ ಸೇನಾನಿ ಹರಿಪಂತ ಫಡಕೆ ನಂಬಿದ್ದ. ಟೀಪು ಆಗಸ್ಟಿನಲ್ಲಿ ತುಂಬಿ ಹರಿಯುತ್ತಿದ್ದ ತುಂಗಭದ್ರೆಯನ್ನು ಹರಿಗೋಲು, ತೆಪ್ಪಗಳಲ್ಲಿ ದಾಟಿ ಬಂದೇ ಬಿಟ್ಟ. ಅಕ್ಟೋಬರಿನಲ್ಲಿ ಸವಣೂರಿನ ಬಳಿ ಮರಾಠರ ಪಾಳೆಯದ ಮೇಲೆ ಬಿದ್ದ. ಮರಾಠರು ಹಿಂದೆ ಸರಿದರು, ನವಾಬನೂ ಅವರ ಜೊತೆ ಊರು ಬಿಟ್ಟ. ಟೀಪು ಸವಣೂರನ್ನು ಹೊಕ್ಕ. 1787ರ ಗಜೇಂದ್ರಗಡ ಒಪ್ಪಂದ ಬಾದಾಮಿ, ನರಗುಂದ, ಕಿತ್ತೂರುಗಳನ್ನು ಮರಾಠರಿಗೆ ಕೊಟ್ಟಿತು. ಸವಣೂರಿನ ಮನೆತನ ಮಾತ್ರ ಮರಾಠರ ಪಿಂಚಣಿಯ ಮೇಲೆ ದಿನ ದೂಡುವ ಸ್ಥಿತಿಗೆ ಬಂತು.

ಬೀಗರನ್ನು ಬಿಟ್ಟ ಆ ಆಯ್ಕೆಗಾಗಿ ಕೆಲವರು ನವಾಬನನ್ನು ದ್ರೋಹಿ ಎನ್ನುತ್ತಾರೆ. ಬೀಗನಿಗೆ ದ್ರೋಹ, ಧರ್ಮಕ್ಕೆ ದ್ರೋಹ ಎಂದು ಬೇರೆ ಬೇರೆ ಕಾರಣ ಕೊಡುತ್ತಾರೆ. ಇನ್ನು ಕೆಲವರು ಟೀಪುವನ್ನು ಕ್ರೂರಿ ಎಂದು ಮುಗಿಸುತ್ತಾರೆ. ಎರಡೂ ಈ ಕಾಲದ ಜಗಳ. ನಲವತ್ತು ವರ್ಷ ಸವಣೂರು ನಡೆಸಿಕೊಂಡು ಬಂದ ರಾಜನೀತಿ ಒಂದೇ: ಯಾರ ಮನೆಯಲ್ಲಿ ಒಡಕಿಲ್ಲವೋ ಅವರ ಕಡೆ ವಾಲುವುದು. 1764ರಲ್ಲಿ ಅದು ಸರಿ ಹೋಯಿತು, 1779ರಲ್ಲಿ ಸರಿ ಹೋಯಿತು, 1786ರಲ್ಲಿ ತಪ್ಪಿತು. ತಪ್ಪಿದ ಸಲ ಬೆಲೆ ತೆರಬೇಕಾಯಿತು. ದೊಡ್ಡ ರಾಜ್ಯಗಳು ತಪ್ಪು ಲೆಕ್ಕ ಹಾಕಿದರೆ ಒಂದು ಪ್ರಾಂತ ಕಳೆದುಕೊಳ್ಳುತ್ತವೆ; ಸಣ್ಣ ರಾಜ್ಯ ತನ್ನನ್ನೇ ಕಳೆದುಕೊಳ್ಳುತ್ತದೆ. ಅದೇ ವರ್ಷಗಳಲ್ಲಿ ಯೂರೋಪಿನಲ್ಲಿ ಪೋಲೆಂಡಿಗೂ ಇದೇ ಗತಿ ಬಂದಿತ್ತು. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಸೇರಿ 1772, 1793 (ಈ ಸಲ ಆಸ್ಟ್ರಿಯಾ ಇರಲಿಲ್ಲ), 1795ರಲ್ಲಿ ಮೂರು ಸಲ ಹಂಚಿಕೊಂಡು ಆ ರಾಜ್ಯವನ್ನು ಭೂಪಟದಿಂದಲೇ ಅಳಿಸಿದವು. ಪೋಲೆಂಡು ಸವಣೂರಿಗಿಂತ ಎಷ್ಟೋ ಪಟ್ಟು ದೊಡ್ಡದು. ಆದರೂ ಮೂರು ದೊಡ್ಡವರು ಜಗಳ ಬಿಟ್ಟು ರಾಜಿಯಾದ ದಿನ ನಡುವಿನವನು ಉಳಿಯಲಿಲ್ಲ. ದೊಡ್ಡವರ ಜಗಳಕ್ಕಿಂತ ದೊಡ್ಡವರ ರಾಜಿಗೇ ಸಣ್ಣವರು ಹೆಚ್ಚು ಅಂಜಬೇಕು.

ನಮ್ಮಲ್ಲಿ ಅಂಥ ರಾಜಿ ನಡೆದದ್ದು 1790ರಲ್ಲಿ. ಇಂಗ್ಲಿಷರು, ಮರಾಠರು, ನಿಜಾಮರು ಒಂದಾಗಿ ಟೀಪುವಿನ ಮೇಲೆ ಬಿದ್ದರು. ಮರಾಠರ ಪರಶುರಾಮ ಭಾವು ಪಟವರ್ಧನ ಮತ್ತು ಮುಂಬೈಯ ಕ್ಯಾಪ್ಟನ್ ಲಿಟಲ್‌ನ ತುಕಡಿ ಆರು ತಿಂಗಳಿಗೂ ಮಿಕ್ಕಿ ಧಾರವಾಡದ ಕೋಟೆಯನ್ನು ಮುತ್ತಿ 1791ರ ಏಪ್ರಿಲಿನಲ್ಲಿ ಅದನ್ನು ಪಡೆದರು. ಆ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ಅಧಿಕಾರಿ ಬರೆದ ಪುಸ್ತಕ 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಟೀಪು ಫ್ರಾನ್ಸಿನ ಕಡೆ ನೋಡಿದ್ದ. ಅವನ ರಾಯಭಾರಿಗಳು 1788ರಲ್ಲಿ ಹದಿನಾರನೆಯ ಲೂಯಿಯನ್ನು ಕಂಡು ಬಂದಿದ್ದರು. ಮರುವರ್ಷವೇ ಆ ಲೂಯಿಯ ಮನೆಗೆ ಬೆಂಕಿ ಬಿತ್ತು. ಪ್ಯಾರಿಸಿನ ಕ್ರಾಂತಿ ಫ್ರೆಂಚರನ್ನು ಅವರ ಮನೆಯೊಳಗೇ ಕಟ್ಟಿ ಹಾಕಿತು, ಶ್ರೀರಂಗಪಟ್ಟಣಕ್ಕೆ ನೆರವು ಬರಲಿಲ್ಲ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟೀಪು ಅರ್ಧ ರಾಜ್ಯ ಕಳೆದುಕೊಂಡ. ಅದರಲ್ಲಿ ತುಂಗಭದ್ರೆಯ ಈಚೆಗಿನ ಧಾರವಾಡ ಸೀಮೆ ಮರಾಠರ ಪಾಲಾಯಿತು. ಈ ಕಡೆ ಐರಣಿ, ರಾಣೆಬೆನ್ನೂರು. ಆ ಕಡೆ ಹರಿಹರ. ಹೊಳೆ ಗಡಿಯಾಯಿತು. ಹೊಳೆಯ ಎರಡೂ ದಡದಲ್ಲಿ ಬೀಗರು, ದೇವರ ಒಕ್ಕಲು, ಸಂತೆ ಎಲ್ಲ ಒಂದೇ ಆಗಿದ್ದವು. ಅವನ್ನು ಕೇಳಿದವರು ಯಾರು?

ಟೀಪು 1799ರ ಮೇ 4ರಂದು ಮಡಿದ. ಅವನು ಸತ್ತ ಗದ್ದಲದಲ್ಲಿ ಸೆರೆಮನೆಯಿಂದ ಹೊರಬಂದ ಚನ್ನಗಿರಿಯ ಧೋಂಡಿಯ ವಾಘ ಸಾವಿರಾರು ಸವಾರರನ್ನು ಕೂಡಿಸಿ ನಮ್ಮ ಸೀಮೆಗೆ ನುಗ್ಗಿದ, ತನ್ನನ್ನು ಉಭಯಲೋಕಾಧೀಶ್ವರ ಎಂದು ಕರೆದುಕೊಂಡ. ಬಿರುದು ಕೇಳಿ ನಗು ಬರುತ್ತದೆ. ಕೆಲಸ ಕಳೆದುಕೊಂಡ ಟೀಪುವಿನ ಸವಾರರಿಗೆ ಆ ಬಿರುದಿನ ಹಿಂದೆ ಅನ್ನ ಕಾಣಿಸಿತ್ತು. ಅವನನ್ನು ಬೆನ್ನಟ್ಟಿ ಬಂದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1800ರ ಜೂನ್ ಕೊನೆಗೆ ಹರಿಹರದ ಬಳಿ ತುಂಗಭದ್ರೆ ದಾಟಿದ. ಐರಣಿ ಅವನ ಕೈಸೇರಿತು. ರಾಣೆಬೆನ್ನೂರಿನ ಕೋಟೆಯವರು ಇಂಗ್ಲಿಷ್ ಸವಾರರ ಮೇಲೆ ಗುಂಡು ಹಾರಿಸಿದರು. ಇಂಗ್ಲಿಷರು ಅಂದೇ ಹಲ್ಲೆ ಮಾಡಿ ಕೋಟೆ ಹಿಡಿದರು, ಒಳಗಿದ್ದವರಲ್ಲಿ ಬಹಳ ಜನ ಸತ್ತರು. ಅಲ್ಲಿಂದ ತುಂಬಿದ ವರದೆಯನ್ನು ದಾಟಿ ಸವಣೂರು, ಕುಂದಗೋಳ, ಡಂಬಳ ಎಂದು ದಂಡು ನಡೆಯಿತು. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಧೋಂಡಿಯ ಸತ್ತ. ಅವನ ಪುಟ್ಟ ಮಗನ ಪೋಷಣೆಗೆ ವೆಲ್ಲೆಸ್ಲಿಯೇ ಹಣ ಇಟ್ಟ. ಮನುಷ್ಯರ ಲೆಕ್ಕ ಒಂದೇ ಸಾಲಿನಲ್ಲಿ ಬರೆಯಲಾಗುವುದಿಲ್ಲ.

ಇದೇ ವೆಲ್ಲೆಸ್ಲಿಯ ಮಧ್ಯಸ್ಥಿಕೆಯಿಂದ ಸವಣೂರಿನವರಿಗೆ ಒಂದು ನೆಲೆ ಸಿಕ್ಕಿತು. ಪೇಶ್ವೆಯಿಂದ ತಿಂಗಳಿಗೆ ಹತ್ತು ಸಾವಿರ ರೂಪಾಯಿ ಪಿಂಚಣಿ ಎಂದು ಮಾತಾಗಿತ್ತು. ಅದರ ಬದಲಿಗೆ ವರ್ಷಕ್ಕೆ 48,000 ರೂಪಾಯಿ ಹುಟ್ಟುವಳಿಯ 25 ಹಳ್ಳಿಗಳು ನವಾಬನಿಗೆ ಬಂದವು. ಬೆಳಗಾವಿಯಿಂದ ಬಂಕಾಪುರದವರೆಗೆ ಹಬ್ಬಿದ್ದ ನಾಡಿನ ಜಾಗದಲ್ಲಿ ಸುಮಾರು 70 ಚದರ ಮೈಲಿಯ ಸಂಸ್ಥಾನ! 1901ರ ಜನಗಣತಿಯಲ್ಲಿ ಅದರ ಒಟ್ಟು ಜನ 18,446. ವೆಲ್ಲೆಸ್ಲಿ ಮುಂದೆ ವೆಲ್ಲಿಂಗ್ಟನ್ ಆದ. 1815ರಲ್ಲಿ ಯೂರೋಪಿನ ಗಡಿಗಳನ್ನು ಮತ್ತೆ ಎಳೆದ ವಿಯೆನ್ನಾ ಸಮ್ಮೇಳನಕ್ಕೆ ಇಂಗ್ಲೆಂಡಿನ ಪರವಾಗಿ ಹೋದ. ಪೋಲೆಂಡಿನ ಪಾಲನ್ನು ಚರ್ಚಿಸಿದ ಆ ಮೇಜಿನ ಸುತ್ತ ಕುಳಿತವರಲ್ಲಿ ರಾಣೆಬೆನ್ನೂರು, ಸವಣೂರುಗಳ ಕೆಸರು ತುಳಿದವನು ಅವನೊಬ್ಬನೇ ಇರಬೇಕು.

ಆಮೇಲಿನದನ್ನು ಬೇಗ ಹೇಳುತ್ತೇನೆ. 1817–18ರಲ್ಲಿ ಪೇಶ್ವೆ ಬಿದ್ದ; ಥಾಮಸ್ ಮನ್ರೊ ಧಾರವಾಡದಲ್ಲಿ ಕುಳಿತು ಹೆಚ್ಚಾಗಿ ಊರಿನ ಬಂಟರ ಸಹಾಯದಿಂದಲೇ ಈ ಸೀಮೆಯನ್ನು ಕಂಪನಿಗೆ ಸೇರಿಸಿದ. ಮರಾಠರಿಂದ ಗೆದ್ದದ್ದೆಂದು ಇದನ್ನು ದಕ್ಷಿಣ ಮರಾಠಾ ದೇಶವೆಂದೇ ದಫ್ತರಗಳಲ್ಲಿ ಬರೆದರು, 1830ರಲ್ಲಿ ಮುಂಬೈ ಇಲಾಖೆಗೆ ಹಚ್ಚಿದರು. ಕಚೇರಿಯಲ್ಲಿ ಮರಾಠಿ, ಶಾಲೆಯಲ್ಲಿ ಮರಾಠಿ. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಕನ್ನಡ. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಾಗಿ ಹೆಣಗಿದ್ದು ಈ ಗಡಿಯ ಪರಿಣಾಮವನ್ನು ತಿದ್ದುವುದಕ್ಕೆ. 1792ರ ಯುದ್ಧದ ಗೆರೆ ಹೀಗೆ ಮಕ್ಕಳ ಪಾಟಿಯ ಮೇಲೆಯೂ ಮೂಡಿತ್ತು.

1868ರಲ್ಲಿ ಹರಿಹರದ ಬಳಿ ಕಲ್ಲಿನ ಕಮಾನುಗಳ ಸೇತುವೆ ಆಯಿತು, 1880ರ ದಶಕದಲ್ಲಿ ರೈಲು ಬಂತು. ಕರಜಗಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಿಗೆ ಹಳಿ ಸಿಕ್ಕಿತು. ಸವಣೂರು ಪೇಟೆ ಹಳಿಯಿಂದ ದೂರ ಉಳಿಯಿತು. ಕೋಟೆಯಿದ್ದ ಊರು ಹಿಂದಾಗಿ, ಪೇಟೆಯಿದ್ದ ಊರು ಮುಂದಾದದ್ದು ಹೀಗೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದನ್ನು ಕೇಳಿದಾಗ ನನಗೆ ನೆನಪಾದದ್ದು ಈ ಹಳಿಯೇ. ಹೊರಗಿನ ಯುದ್ಧ ನಮ್ಮ ಹೊಲಕ್ಕೆ ಬಂದದ್ದೂ ಪೇಟೆಯ ದಾರಿಯಿಂದಲೇ. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ, 1861ರಿಂದ 65ರ ತನಕ, ಮ್ಯಾಂಚೆಸ್ಟರಿಗೆ ಅಲ್ಲಿಯ ಹತ್ತಿ ನಿಂತಾಗ ಇಲ್ಲಿ ಬೆಳೆಯುತ್ತಿದ್ದ ಧಾರವಾಡ–ಅಮೆರಿಕನ್ ಹತ್ತಿಗೆ ಎಂದೂ ಕಾಣದ ಧಾರಣೆ ಬಂತು. ಯುದ್ಧ ನಿಂತ ಕೂಡಲೇ ಧಾರಣೆ ಮುಗ್ಗರಿಸಿತು. ಅಬ್ರಹಾಂ ಲಿಂಕನ್ನನ ಹೆಸರು ಕೇಳದ ರೈತನೂ ಅವನ ಯುದ್ಧದ ಬಡ್ಡಿ ಕಟ್ಟಿದ.

ಈ ತನಕ ನಾನು ಹೇಳಿದ ಕತೆಯಲ್ಲಿ ಅರಸರಿದ್ದಾರೆ, ಸೇನಾನಿಗಳಿದ್ದಾರೆ. ನಾಡಿನ ಸ್ಥಾನವನ್ನು ತೀರ್ಮಾನಿಸುವ ಜಾಗಕ್ಕೆ ಊರಿನ ಜನ ಬಂದದ್ದು ಯಾವಾಗ? ನಮ್ಮ ಜಿಲ್ಲೆಯ ಮಟ್ಟಿಗೆ ನಾನು 1943ರ ಏಪ್ರಿಲ್ 1 ಎಂದು ಹೇಳುತ್ತೇನೆ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, ದಂಡಿಯಾತ್ರೆಯಲ್ಲಿ ಗಾಂಧೀಜಿಯೊಂದಿಗೆ ನಡೆದವರು, ಅಂದು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಇಟ್ಟಿದ್ದ ಕಂದಾಯದ ಹಣಕ್ಕೆ ಕೈ ಹಾಕಲು ಸಂಗಡಿಗರೊಂದಿಗೆ ಹೋದರು. ಪೊಲೀಸರ ಗುಂಡಿಗೆ ಅವರೂ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಬಲಿಯಾದರು. ಆದಿಲಶಾಹಿ, ಮೊಗಲರು, ಪಠಾಣರು, ಪೇಶ್ವೆ, ಟೀಪು, ಕಂಪನಿ ಎಲ್ಲರೂ ಈ ನೆಲದಲ್ಲಿ ಕೇಳಿದ್ದು ಒಂದನ್ನೇ: ಕಂದಾಯ. ಆ ಪೆಟ್ಟಿಗೆಗೇ ಊರಿನ ಹುಡುಗರು ಕೈ ಹಾಕಿದರು. ಪ್ರಾಂತಗಳು ಕೈ ಬದಲಿಸಿದ ಯಾವ ಒಪ್ಪಂದಕ್ಕಿಂತಲೂ ಇದು ದೊಡ್ಡ ಬದಲಾವಣೆ ಎಂಬುದು ನನ್ನ ಎಣಿಕೆ.

ಸವಣೂರು ಸಂಸ್ಥಾನ 1947ರಲ್ಲಿ ದಖ್ಖನಿನ ಕೆಲವು ಸಣ್ಣ ಸಂಸ್ಥಾನಗಳ ಜೊತೆ ಸೇರಿ ಒಂದು ಸಂಯುಕ್ತ ರಾಜ್ಯ ಕಟ್ಟುವ ಪ್ರಯತ್ನದಲ್ಲಿ ಪಾಲ್ಗೊಂಡಿತು. ಸಣ್ಣವರು ಒಟ್ಟಾಗಿ ದೊಡ್ಡವರಾಗುವ ಆಸೆ ಅದು. ಇನ್ನೂರು ವರ್ಷ ತಡವಾಗಿ ಹೊಳೆದ ಉಪಾಯ. ಕೆಲವೇ ತಿಂಗಳಲ್ಲಿ ಅದು ಕರಗಿತು. 1948ರ ಮಾರ್ಚ್ 8ರಂದು ಕೊನೆಯ ನವಾಬ ಅಬ್ದುಲ್ ಮಜೀದ್ ಖಾನರ ಸಂಸ್ಥಾನ ಇತರ ದಖ್ಖನಿ ಸಂಸ್ಥಾನಗಳ ಸಂಗಡ ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು. ಗುಂಡು ಹಾರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈದರಾಬಾದಿಗೆ ದಂಡು ಕಳಿಸಬೇಕಾಯಿತೆಂಬುದನ್ನು ನೆನೆದರೆ ಸವಣೂರಿನ ಹಳೆಯ ವಿವೇಕ ಕೊನೆಯ ಸಲ ಸರಿಯಾಗಿ ಕೆಲಸ ಮಾಡಿತೆನ್ನಬಹುದು. 1956ರ ನವೆಂಬರ್ 1ರಂದು ತುಂಗಭದ್ರೆ ಗಡಿಯಾಗಿರುವುದು ನಿಂತಿತು. 1792ರಿಂದ ಲೆಕ್ಕ ಹಾಕಿ: ನೂರ ಅರವತ್ತನಾಲ್ಕು ವರ್ಷ. 1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯಲ್ಲಿ ಒಂದು ಕಾಲದ ರಾಜಧಾನಿ ಈಗ ತಾಲೂಕು.

ಕೊನೆಯದಾಗಿ ಒಂದು ಕೆಲಸದ ಮಾತು. ಸವಣೂರಿನ ದೊಡ್ಡಹುಣಸೆ ಮಠದ ಆ ಮೂರು ಭಾರೀ ಮರಗಳು ಎಲ್ಲವನ್ನೂ ಕಂಡಿವೆ ಎಂದು ಬರೆಯುವವರು ಬಹಳ. ಮರ ಸಾಕ್ಷಿ ಹೇಳುವುದಿಲ್ಲ, ಕಾಗದ ಹೇಳುತ್ತದೆ. ಈ ಚರಿತ್ರೆಯನ್ನು ಈವರೆಗೆ ಹೆಚ್ಚಾಗಿ ಪುಣೆಯ ಮರಾಠಿ ದಫ್ತರ, ಫಾರಸಿ ತವಾರೀಖು, ಇಂಗ್ಲಿಷ್ ಪತ್ರಗಳಿಂದ ಬರೆದಿದ್ದಾರೆ. ದೇಸಾಯರ, ಗೌಡ–ಕುಲಕರ್ಣಿಯರ ಮನೆಗಳ ಅಟ್ಟದ ಕಡತ, ಮಠಗಳ ನಿರೂಪ, ಮೋಡಿ ಕಾಗದ, ಲಾವಣಿಕಾರರ ಬಾಯಲ್ಲಿ ಉಳಿದದ್ದು, ಇವನ್ನು ಒಟ್ಟುಗೂಡಿಸುವ ಕೆಲಸ ಬಾಕಿ ಇದೆ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಾಲೇಜುಗಳಲ್ಲಿ ಇತಿಹಾಸ ವಿಭಾಗಗಳಿವೆ. ರಟ್ಟೀಹಳ್ಳಿಯಿಂದ ಶುರು ಮಾಡಿ. ಊರ ಸುತ್ತಲಿನ ಹೊಲಗಳಿಗೆ ಹಿರಿಯರು ಇಟ್ಟುಕೊಂಡು ಬಂದ ಹೆಸರುಗಳನ್ನು ಸರ್ವೆ ನಂಬರಿನ ಜೊತೆ ಬರೆದುಕೊಳ್ಳಿ. ದಂಡು ಇಳಿದ ಜಾಗ, ತೋಪು ನಿಲ್ಲಿಸಿದ ಜಾಗ ಎಂದು ಹೇಳುವವರಿದ್ದರೆ ಅವರ ಮಾತನ್ನು ಧ್ವನಿಮುದ್ರಿಸಿ. ಅಲ್ಲಿಂದ ಐರಣಿ, ಆಮೇಲೆ ಸವಣೂರು. ಮೋಡಿ ಓದಬಲ್ಲವರು ಈಗ ಬೆರಳೆಣಿಕೆಯಷ್ಟು ಮಂದಿ, ಅವರಿಗೂ ವಯಸ್ಸಾಗಿದೆ. ಆದ್ದರಿಂದ ಆ ಲಿಪಿ ಕಲಿಸುವ ಒಂದು ತಿಂಗಳ ಶಿಬಿರವನ್ನು ಈ ದತ್ತಿಯ ಬಡ್ಡಿಯಿಂದ ಮುಂದಿನ ಬೇಸಗೆಯಲ್ಲಿ ನಡೆಸಲು ಸಾಧ್ಯವೇ ಎಂದು ಅಧ್ಯಕ್ಷರು ನೋಡಬೇಕೆಂದು ಕೇಳಿಕೊಳ್ಳುತ್ತೇನೆ.